ಬೆಳಕಿಗೆ ಹೊಳೆಯದ ಕಣ್ಣು

ತೆನೆ ಬಲಿತಿದೆ, ಹಂದಿ ಇಳಿದಿದೆ, ಗೋಡೆಯ ಮೇಲಿದ್ದ ಕೋವಿ ಕೆಳಗೆ ಬಂದಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗದ್ದೆ–ತೋಟಗಳಿಗೆ ಇದು ನಿದ್ದೆಗೆಡುವ ಕಾಲ. ಹಣೆಗೆ ಕಟ್ಟಿದ ದೀಪ ಗದ್ದೆಯ ಆಚೆ ತುದಿಯವರೆಗೂ ಬೆಳಗುತ್ತದೆ. ಅಲ್ಲಿ ನಿಂತಿರುವುದು ಹಂದಿಯೋ ಮನುಷ್ಯನೋ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ರಾತ್ರಿ ಒಂದೂಕಾಲು. ಕೊಪ್ಪ ತಾಲ್ಲೂಕಿನ ಒಂದು ಮೂಲೆ, ಕಾನಿನ ಅಂಚಿನ ಗದ್ದೆ. ಇಬ್ಬನಿಗೆ ಅಟ್ಟದ ಸೋಗೆ ತೊಟ್ಟಿಕ್ಕುತ್ತಿತ್ತು. ಕಂಬಳಿ ಹೊದ್ದು ಕೂತಿದ್ದ ಚಿಕ್ಕಪ್ಪಯ್ಯ ನನ್ನ ಮೊಣಕೈ ಮುಟ್ಟಿದರು. ಕೇಳು ಎಂದು.

ಕೇಳಿಸಿತು. ತೆನೆಯನ್ನು ಬಾಯಿಗೆ ಎಳೆದುಕೊಂಡು ಜಗಿಯುವ ಸದ್ದು. ನಿಧಾನ, ಆತುರವೇ ಇಲ್ಲ.

ಹಣೆಯ ದೀಪ ಹೊತ್ತಿತು. ಬಿಳಿ ಬೆಳಕು ಗದ್ದೆಯ ಮೇಲೆ ಹಾದು ಆಚೆಯ ದರೆಗೆ ಬಡಿಯಿತು. ನಡುವೆ ಒಂದು ಕಪ್ಪು ಗುಪ್ಪೆ. ಸೊಂಟದೆತ್ತರ. ಅಲುಗಿತು, ಮತ್ತೆ ನಿಂತಿತು. ಕಣ್ಣು ಹೊಳೆಯಲಿಲ್ಲ.

ಜೋಡಿ ನಳಿಗೆಯ ಕೋವಿ ಅವರ ತೊಡೆಯ ಮೇಲಿತ್ತು. ಎತ್ತಲಿಲ್ಲ. ಗಂಟಲು ಸರಿಮಾಡಿಕೊಂಡು, "ಯಾರದು?" ಎಂದು ಕೂಗಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿದರು.

ಆ ಗುಪ್ಪೆ ಒಮ್ಮೆ ಗುಟುರು ಹಾಕಿ ಹಳುವಿನ ಕಡೆ ಹಾರಿತು. ಹಿಂದಿನಿಂದ ಮೂರು ಮರಿಗಳು. ಕ್ಷಣದಲ್ಲಿ ಗದ್ದೆ ಖಾಲಿ.

"ಹಂದಿಯೇ ಆಗಿತ್ತಲ್ಲ ಚಿಕ್ಕಪ್ಪಯ್ಯ, ಬಿಟ್ಟುಬಿಟ್ಟಿರಿ" ಎಂದೆ.

"ಹಂದಿ ಅಂತ ಈಗ ಗೊತ್ತಾಯ್ತು. ಆಗ ಗೊತ್ತಿತ್ತಾ ನಿಂಗೆ?"

ಭೂಮಿ ಹುಣ್ಣಿಮೆಯ ದಿನ ಬಸುರಿ ಗದ್ದೆಗೆ ಬಯಕೆ ಊಟ ಬಡಿಸಿ ಚರಗ ಚೆಲ್ಲಿ ಬರುತ್ತಾರೆ. ಇಲಿ, ಹಕ್ಕಿ, ಹುಳುಹುಪ್ಪಟೆಗೂ ಪಾಲಿರಲಿ ಎಂಬ ಮನಸ್ಸು ಅದು. ಅಲ್ಲಿಂದ ಕೊಯ್ಲಿನವರೆಗಿನ ಒಂದೂವರೆ ತಿಂಗಳು ಮಾತ್ರ ಆ ಪಾಲಿನ ಲೆಕ್ಕ ತಪ್ಪುತ್ತದೆ. ಹಂದಿಯ ಹಿಂಡೊಂದು ಒಂದು ರಾತ್ರಿಯಲ್ಲಿ ತಿನ್ನುವುದಕ್ಕಿಂತ ಹೊರಳಾಡಿ ಮಲಗಿಸುವುದೇ ಹೆಚ್ಚು. ಮಲಗಿದ ಭತ್ತ ಇಬ್ಬನಿಗೆ ಮೊಳಕೆ ಒಡೆಯುತ್ತದೆ.

ಈ ಮೂರು ತಾಲ್ಲೂಕುಗಳ ನೆಲವೇ ಹಾಗಿದೆ. ಶೃಂಗೇರಿಯ ಕೆರೆಕಟ್ಟೆಯ ಕಡೆ ಹೋದರೆ 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರು, ಅದರಾಚೆ 1998ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಭದ್ರಾ ಅಭಯಾರಣ್ಯ. ನಡುವೆ ತುಂಗೆಯ ದಂಡೆಯ ತೋಟಗಳು, ಸೊಪ್ಪಿನಬೆಟ್ಟ, ಕಾಫಿ, ಒಂಟಿ ಮನೆಗಳು. ಕಾಡು ಎಲ್ಲಿ ಮುಗಿಯಿತು, ತೋಟ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಇಲ್ಲಿ ಯಾರಿಂದಲೂ ಆಗದು. ಹಂದಿಗಂತೂ ಆಗದು.

ಭತ್ತ ಬೆಳೆಯುವವರು ಕಡಿಮೆಯಾದಷ್ಟೂ ಉಳಿದವರ ಮೇಲೆ ಬೀಳುವ ಹೊರೆ ಹೆಚ್ಚು. ಹತ್ತು ಮನೆಯವರು ಗದ್ದೆ ಮಾಡುತ್ತಿದ್ದಾಗ ಹತ್ತು ಅಟ್ಟಗಳಲ್ಲಿ ಕಾವಲಿತ್ತು. ಒಂಬತ್ತು ಗದ್ದೆ ಅಡಿಕೆ ತೋಟವಾದ ಮೇಲೆ ಬಯಲಿನ ಹಂದಿಗೆಲ್ಲ ಉಳಿದ ಒಂದೇ ಗದ್ದೆಯೇ ಗತಿ. ಚಿಕ್ಕಪ್ಪಯ್ಯನದು ಆ ಹತ್ತನೆಯದು.

ರೈಫಲ್ ಅಲ್ಲ, ಕೋವಿ

ಇಂಗ್ಲೆಂಡಿನಲ್ಲೋ ನ್ಯೂಜಿಲೆಂಡಿನಲ್ಲೋ ಬೆಳೆ ತಿನ್ನುವ ಮೊಲಗಳನ್ನು ರಾತ್ರಿ ದೀಪ ಹಾಕಿ ರೈಫಲ್‌ನಿಂದ ಹೊಡೆಯುತ್ತಾರೆ. ಅಲ್ಲಿ ಬಯಲು ವಿಶಾಲ, ಮನೆಗಳು ದೂರ ದೂರ. ನಮ್ಮಲ್ಲಿ ಬೆಳೆ ರಕ್ಷಣೆಗೆಂದು ಕೊಡುವ ಪರವಾನಗಿಯೇ ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ಕಾಯಲು ಮೊದಲು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಯ ನಳಿಗೆಯ ಬೇರೆ ಕೋವಿ ಕೊಡಬಹುದು. ಅದರ ನಳಿಗೆ 20 ಅಂಗುಲಕ್ಕಿಂತ ಗಿಡ್ಡವಿರಕೂಡದು.

ನಯ ನಳಿಗೆ ಎಂದರೆ ಒಳಗೆ ಸುರುಳಿ ಗೆರೆಗಳಿಲ್ಲದ ನಳಿಗೆ. ರೈಫಲ್‌ನ ಸುರುಳಿ ಗೆರೆ ಗುಂಡನ್ನು ತಿರುಗಿಸುತ್ತ ದೂರಕ್ಕೆ ಎಸೆಯುತ್ತದೆ. ಅತಿ ಸಣ್ಣದೆನಿಸಿದ .22 ರೈಫಲ್‌ನ ಗುಂಡು ಕೂಡ ಒಂದೂವರೆ ಕಿಲೋಮೀಟರ್ ದಾಟಬಲ್ಲದು. ನಮ್ಮ ಕಣಿವೆಗಳಲ್ಲಿ ಅಷ್ಟು ದೂರದೊಳಗೆ ಎಷ್ಟು ಒಲೆ ಉರಿಯುತ್ತಿರುತ್ತವೆ ಎಂದು ಯೋಚಿಸಿ. ಈ ವಿಷಯದಲ್ಲಿ ಕಾನೂನು ಬರೆದವರು ಸರಿಯಾಗಿಯೇ ಬರೆದಿದ್ದಾರೆ.

ನಮ್ಮ ತೋಟೆ ಕೋವಿಗಳಲ್ಲಿ ಹೆಚ್ಚಿನವು 12 ಬೋರಿನವು. ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ ಒಂದೊಂದು ಉಂಡೆಯ ದಪ್ಪ ಎಷ್ಟೋ ಅಷ್ಟು, ಸುಮಾರು 18.5 ಮಿಲಿಮೀಟರ್, ಆ ನಳಿಗೆಯ ಅಗಲ. ತೋಟೆಯೊಳಗಿನ ಚರೆ ನಂಬುವ ಹಾಗೆ ಕೆಲಸ ಮಾಡುವುದು ಮೂವತ್ತು–ನಲವತ್ತು ಗಜದೊಳಗೆ ಮಾತ್ರ.

ಅಪಾಯದ ಬೇರು ಇಲ್ಲೇ ಇದೆ. ಹಿಂದೆ ಸೂಡಿ ಹಿಡಿದು ಹೋಗುತ್ತಿದ್ದವರಿಗೆ ಹತ್ತು ಮಾರು ದೂರ ಕಂಡರೆ ಹೆಚ್ಚು. ಆಮೇಲೆ ಕಾರ್ಬೈಡ್ ದೀಪ, ಮೂರು ಸೆಲ್ಲಿನ ಬ್ಯಾಟರಿ. ಕಾಣುವ ದೂರ ಕೋವಿಯ ದೂರಕ್ಕಿಂತ ಹೆಚ್ಚೇನೂ ಇರಲಿಲ್ಲ. ಈಗ ಸಂತೆಯಲ್ಲಿ ಸಿಗುವ ಎಲ್‌ಇಡಿ ಹೆಡ್‌ಲೈಟ್ ನೂರು ಮೀಟರ್ ಆಚೆಯದನ್ನೂ ಬೆಳಗಿಬಿಡುತ್ತದೆ. ಕಾಣಿಸಿತು ಎಂಬ ಒಂದೇ ಕಾರಣಕ್ಕೆ ಕೋವಿ ಏಳುತ್ತದೆ. ಆ ದೂರದಲ್ಲಿ ಚರೆ ಹರಡಿ ಹೋಗಿ ಹಂದಿ ಸಾಯುವುದಿಲ್ಲ, ಗಾಯಗೊಳ್ಳುತ್ತದೆ. ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸಿನ ಎದುರಿಗೆ ಎದ್ದು ಬರುವುದು ಆ ಗಾಯದ ಹಂದಿ.

> ಹೊಳೆಯುವ ಕಣ್ಣು, ಹೊಳೆಯದ ಕಣ್ಣು
>
> ದನ, ನಾಯಿ, ಬೆಕ್ಕು, ಜಿಂಕೆ, ಕಡವೆ, ಚಿರತೆ, ಪುನುಗು ಬೆಕ್ಕು: ಇವುಗಳ ಅಕ್ಷಿಪಟಲದ ಹಿಂದೆ ಕನ್ನಡಿಯಂಥ ಪದರವೊಂದಿದೆ. ಒಳಗೆ ಹೋದ ಬೆಳಕು ಅದಕ್ಕೆ ಬಡಿದು ಮರಳುವುದರಿಂದ ಕಣ್ಣು ಕತ್ತಲಲ್ಲಿ ಕೆಂಡದಂತೆ ಹೊಳೆಯುತ್ತದೆ.
>
> ಹಂದಿಗೆ ಈ ಪದರವಿಲ್ಲ. ಮಂಗನಿಗಿಲ್ಲ. ಮನುಷ್ಯನಿಗೂ ಇಲ್ಲ.

ಈ ಪುಟ್ಟ ಸಂಗತಿಯನ್ನು ಕೋವಿಯ ಪ್ರತಿ ಪರವಾನಗಿಯ ಮೇಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು ನನಗನಿಸುತ್ತದೆ. ಕಣ್ಣು ಹೊಳೆದರೆ ಅದು ಬಹುಮಟ್ಟಿಗೆ ಪಕ್ಕದ ಮನೆಯ ಕರು, ಇಲ್ಲವೇ ಹೊಡೆದರೆ ಜೈಲು ಸೇರಿಸುವ ಪ್ರಾಣಿ. ಕಣ್ಣು ಹೊಳೆಯದೆ ಬರೀ ಕಪ್ಪಾಗಿ ಕುಗ್ಗಿ ನಿಂತಿದ್ದರೆ ಅದು ಹಂದಿ ಇರಬಹುದು. ಗದ್ದೆಯ ನೀರು ಕಡಿಯಲು ಬಗ್ಗಿದ ನೆರೆಯವನೂ ಇರಬಹುದು. ದೀಪದ ಬೆಳಕಿನಲ್ಲಿ ಇಬ್ಬರೂ ಒಂದೇ.

ಮಲೆನಾಡಿನಲ್ಲಿ ಹಂದಿಯೆಂದು ಮನುಷ್ಯನಿಗೆ ಈಡು ಹೊಡೆದ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬಹುತೇಕ ಎಲ್ಲದರ ಕಥೆ ಒಂದೇ: ರಾತ್ರಿ, ಮೂರು–ನಾಲ್ಕು ಜನ, ಎರಡು ದೀಪ, ಒಬ್ಬ ಯಾರಿಗೂ ಹೇಳದೆ ಬಳಸಿಕೊಂಡು ಆಚೆ ಬದಿಗೆ ಹೋಗಿದ್ದ.

ಚಿಕ್ಕಪ್ಪಯ್ಯನ ಪ್ರಾಯದ ದಿನಗಳಲ್ಲೂ ಒಂದು ನಡೆದಿತ್ತು. ಬಿದ್ದವನು ಅವರ ಜೊತೆ ಶಾಲೆಗೆ ಹೋಗುತ್ತಿದ್ದವನು. ಹೊಡೆದವನೂ ಅಷ್ಟೆ. ಅದನ್ನು ಅವರು ನನಗೆ ಹೇಳಿದ್ದು ಈ ಅಟ್ಟದ ಮೇಲೆ, ಈ ವರ್ಷ. ನಲವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. "ದೀಪ ಆರಿತ್ತು ಅವ್ನದು. ಬ್ಯಾಟರಿ ಹಾಕ್ಕೊಳ್ಳಕ್ಕೆ ಕೂತಿದ್ದ" ಎಂದರು. ಅದಾದ ಮೇಲೆ ಶಿಕಾರಿಗೆ ಅವರು ಕಾಲಿಟ್ಟಿಲ್ಲ. ಕೋವಿ ಗದ್ದೆಗೆ ಮಾತ್ರ.

ಶಿಕಾರಿ ಈ ಸೀಮೆಯ ರಕ್ತದಲ್ಲೇ ಇತ್ತು ಎನ್ನುವವರಿದ್ದಾರೆ. ಸುಳ್ಳಲ್ಲ. 1904ರಲ್ಲಿ ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1933ರಲ್ಲಿ 'ಮಲೆನಾಡಿನ ಚಿತ್ರಗಳು' ಪ್ರಕಟಿಸಿದಾಗ ಬೇಟೆ ಮನೆಮನೆಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಕಾಲಕ್ಕೆ ತೆರೆ ಎಳೆಯಿತು. ಬೆಳೆ ಕಾಯುವ ಕೋವಿ ಮಾತ್ರ ಮನೆಯಲ್ಲಿ ಉಳಿಯಿತು. ಹಿಡಿಯಲು ಅನುಮತಿಯಿದೆ, ಪ್ರಾಣಿಗೆ ಹೊಡೆಯಲು ಇನ್ನೊಂದು ಅನುಮತಿ ಬೇಕು. ಈ ವ್ಯತ್ಯಾಸ ಪರವಾನಗಿ ಇರುವ ಎಷ್ಟೋ ಮಂದಿಗೆ ಇವತ್ತಿಗೂ ಸ್ಪಷ್ಟವಿಲ್ಲ.

> ವನ್ಯಜೀವಿ ಕಾಯ್ದೆಯಲ್ಲಿ ಏನಿದೆ?
>
> 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ನಮ್ಮ ಮಂಗ, ಕಾಡುಕೋಣ, ನವಿಲು ಒಂದನೆಯದರಲ್ಲಿ.
>
> ನಿಂತ ಬೆಳೆಗೆ ಹಾನಿ ಮಾಡುವ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು (11ನೇ ಕಲಮು). ಹಾಗೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.
>
> ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಅಪರಾಧವಲ್ಲ. ಆದರೆ ಆ ಹೊತ್ತಿನಲ್ಲಿ ಬೇರೊಂದು ಅಪರಾಧ ಮಾಡುತ್ತಿದ್ದವನಿಗೆ ಈ ರಕ್ಷಣೆಯಿಲ್ಲ.
>
> ಒಂದನೇ ಅನುಸೂಚಿಯ ಪ್ರಾಣಿ ಕೊಂದರೆ 3ರಿಂದ 7 ವರ್ಷ ಸೆರೆ.

ಹಾಗಾದರೆ ಕೋವಿ ಯಾಕೆ? ಸದ್ದಿಗೆ. ಎದೆಯ ಧೈರ್ಯಕ್ಕೆ. ಆನೆಯೋ ಕಾಟಿಯೋ ಎದುರಾದರೆ ಗಾಳಿಗೆ ಒಂದು ಈಡು ಹಾಕಿ ಮನೆ ಸೇರಿಕೊಳ್ಳಲಿಕ್ಕೆ. ಈ ಮೂರು ತಾಲ್ಲೂಕುಗಳಲ್ಲಿ ಆನೆಯ ಕಾಲಿಗೆ ಸಿಕ್ಕಿ ಜನ ಸತ್ತಿದ್ದಾರೆ. ರಾತ್ರಿ ಗದ್ದೆಗೆ ಬರಿಗೈಲಿ ಹೋಗು ಎಂದು ಪಟ್ಟಣದಲ್ಲಿ ಕೂತವರು ಹೇಳಬಾರದು.

ಕಾವಲು ಕಾಯುವ ರೀತಿಯನ್ನು ನಾನು ಕಲಿತದ್ದು ಚಿಕ್ಕಪ್ಪಯ್ಯನನ್ನು ನೋಡಿ. ಮನೆಯಿಂದ ಹೊರಡುವಾಗ ಕೋವಿಯಲ್ಲಿ ತೋಟೆ ಇರುವುದಿಲ್ಲ. ನಳಿಗೆ ಮಡಚಿ, ತೆರೆದ ಬಾಯಿ ಎಲ್ಲರಿಗೂ ಕಾಣುವ ಹಾಗೆ ತೋಳಿನ ಮೇಲೆ ಹಾಕಿಕೊಳ್ಳುತ್ತಾರೆ. ತಡಮೆ ದಾಟುವಾಗ, ಸಂಕ ದಾಟುವಾಗ ಕೋವಿ ಮೊದಲು ನನ್ನ ಕೈಗೆ, ಆಮೇಲೆ ಅವರು. ಅಟ್ಟ ಹತ್ತಿ ಕೂತ ಮೇಲೆಯೇ ತೋಟೆ. ಇಳಿಯುವ ಮುಂಚೆ ಮತ್ತೆ ಹೊರಗೆ. ನಳಿಗೆಯೊಳಗೆ ಮಣ್ಣು ಹೊಕ್ಕಿದೆಯೇ ಎಂದು ದೀಪ ಹಿಡಿದು ನೋಡುತ್ತಾರೆ. ಮಣ್ಣು ಕಟ್ಟಿದ ನಳಿಗೆ ಈಡಿಗೆ ಒಡೆದು ಹಿಡಿದವನ ಕೈಯನ್ನೇ ಒಯ್ಯುತ್ತದೆ.

ಕೋವಿಯ ನಳಿಗೆಗೆ ಬ್ಯಾಟರಿ ಕಟ್ಟುವುದನ್ನು ಅವರು ಒಪ್ಪುವುದಿಲ್ಲ. ಅದರಿಂದ ಹುಡುಕುವುದೆಂದರೆ ಕಂಡದ್ದಕ್ಕೆಲ್ಲ ಕೋವಿ ಗುರಿ ಹಿಡಿದ ಹಾಗೆ. ಹಣೆಯ ದೀಪದಿಂದ ನೋಡಬೇಕು, ಕೋವಿ ತೊಡೆಯ ಮೇಲೇ ಇರಬೇಕು. ಇನ್ನೊಂದು ಪಟ್ಟು: ಹಿಂದೆ ದರೆ ಇಲ್ಲದ ಕಡೆಗೆ ಈಡಿಲ್ಲ. ದಿಬ್ಬದ ನೆತ್ತಿಯ ಮೇಲೆ, ಆಕಾಶದ ಎದುರು ನಿಂತ ಹಂದಿ ಎಷ್ಟೇ ಚೆನ್ನಾಗಿ ಕಂಡರೂ ಅದರಾಚೆ ಏನಿದೆ ಎಂದು ಗೊತ್ತಿಲ್ಲ. ಕಲ್ಲಿಗೆ, ನಿಂತ ನೀರಿಗೆ ಬಡಿದ ಚರೆ ಯಾವ ದಿಕ್ಕಿಗೆ ಹಾರುತ್ತದೆಂದು ಯಾರಿಗೂ ಹೇಳಲಾಗದು.

ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ ಒಂಬತ್ತಕ್ಕೆ ನಡೆಯುತ್ತದೆ. ಆಚೆ ದಿಂಬದ ತೋಟದವರಿಗೆ ಫೋನ್: "ನಾನು ಕೆಳಗಿನ ಅಟ್ಟದಲ್ಲಿರ್ತೀನಿ ಮಾರಾಯ, ನೀವು ಈಚೆ ಬರದಾದ್ರೆ ಮೊದ್ಲು ಕೂಗಿ." ನೆಟ್‌ವರ್ಕ್ ಇಲ್ಲದ ದಿನ ಫೋನಿನ ಬದಲು ಒಂದು ಉದ್ದನೆಯ ಕೂ. ಆಚೆಯಿಂದ ಇನ್ನೊಂದು ಕೂ ಬಂದ ಮೇಲೆಯೇ ತೋಟೆ ಒಳಗೆ ಹೋಗುವುದು. ಕುಡಿದವನಿಗೆ ಆ ಅಟ್ಟದಲ್ಲಿ ಜಾಗವಿಲ್ಲ.

ಕೇಪಿನ ಕೋವಿಯ ಅಪಾಯ ಬೇರೆ. ರಾತ್ರಿ ತುಂಬಿದ ಮದ್ದು ಈಡಾಗದೆ ಉಳಿಯುತ್ತದೆ. ಮರೆತು ಮರುದಿನ ಅದರ ಮೇಲೆಯೇ ಇನ್ನೊಂದು ಸಲ ಮದ್ದು ಜಡಿಯುತ್ತಾರೆ. ಗಜದ ಕಡ್ಡಿ ಇಳಿಸಿದಾಗ ಎಷ್ಟು ಆಳಕ್ಕೆ ಹೋಗುತ್ತದೆಂದು ಗುರುತು ಹಾಕಿಟ್ಟುಕೊಂಡರೆ ಈ ತಪ್ಪು ಆಗುವುದಿಲ್ಲ. ಹಳಬರು ಹಾಕಿಟ್ಟುಕೊಳ್ಳುತ್ತಿದ್ದರು.

ಕೋವಿಗಿಂತ ಕ್ರೂರವಾದವು ತೋಟಗಳಲ್ಲಿ ಸದ್ದಿಲ್ಲದೆ ಕೂತಿವೆ. ಹಂದಿಗೆಂದು ಕಟ್ಟಿದ ಉರುಳಿಗೆ ಚಿರತೆ ಬೀಳುತ್ತದೆ. ಬೇಲಿಗೆ ನೇರವಾಗಿ ಕೊಟ್ಟ ಕರೆಂಟಿಗೆ ಆನೆ, ದನ, ಎಷ್ಟೋ ಸಲ ಕೊಟ್ಟವನ ಮನೆಯವರೇ ಬಲಿ. ಸಿಡಿಮದ್ದಿನ ಉಂಡೆ ಕಚ್ಚಿದ ಹಸು ದವಡೆ ಕಳೆದುಕೊಂಡು ದಿನಗಟ್ಟಲೆ ನರಳಿ ಸಾಯುತ್ತದೆ. ಇವಕ್ಕೆ ನೋಡುವ ಕಣ್ಣೂ ಇಲ್ಲ, "ಯಾರದು?" ಎಂದು ಕೇಳುವ ಬಾಯಿಯೂ ಇಲ್ಲ. ಮಂಗ ಓಡಿಸಲು ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಸಿಡಿಸುವ ರೂಢಿಯೂ ಹಬ್ಬಿದೆ. ಅಂಥದ್ದೇ ಪೈಪುಗಳಿಂದ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ನೂರಕ್ಕೂ ಹೆಚ್ಚು ಮಂದಿಯ, ಅದರಲ್ಲೂ ಮಕ್ಕಳ, ಕಣ್ಣಿಗೆ ಪೆಟ್ಟಾಯಿತು. ಸಿಡಿಯಲಿಲ್ಲವೆಂದು ಪೈಪಿನೊಳಗೆ ಇಣುಕಿದಾಗಲೇ ಅದು ಸಿಡಿಯುವುದು.

ಮಂಗನ ಕಥೆಯೇ ಒಂದು ಪುರಾಣ. ಹಗಲು ಬರುವ ಕಳ್ಳನಿಗೆ ರಾತ್ರಿಯ ದೀಪ ಬೇಕಿಲ್ಲ. ಎಳೆ ಅಡಿಕೆ ಹಿಸುಕಿ ಬಿಸಾಡುವ ಹಿಂಡನ್ನು ಹಿಡಿಸಿ ಘಾಟಿಯಲ್ಲಿ ಬಿಟ್ಟು ಬಂದರೆ ಅಲ್ಲಿಂದ ಮತ್ತೊಂದು ಊರಿಗೆ ನಡೆಯುತ್ತವೆ. ನೆರೆಯ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು 2019ರಲ್ಲಿ ನಾಯಿಯ ಮೈಗೆ ಹುಲಿಪಟ್ಟೆ ಬಳಿದು ತೋಟಕ್ಕೆ ಬಿಟ್ಟದ್ದು ದೇಶವೆಲ್ಲ ಸುದ್ದಿಯಾಯಿತು. ಓದಿದವರು ನಕ್ಕರು. ಆ ಬಣ್ಣದ ಹಿಂದಿನ ಹತಾಶೆ ಅಡಿಕೆ ಬೆಳೆಗಾರನಿಗೆ ಗೊತ್ತು. ಹಳದಿ ಎಲೆ ರೋಗ, ಎಲೆಚುಕ್ಕೆ ಬಿಟ್ಟು ಉಳಿಸಿದ ಗೊನೆಗೇ ಮಂಗ ಕೈ ಹಾಕುವುದು. ಸತ್ತ ಮಂಗವನ್ನಂತೂ ಯಾರೂ ಮುಟ್ಟಬಾರದು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಈಚೆಗೆ ನಮ್ಮ ತಾಲ್ಲೂಕುಗಳಲ್ಲೂ ಕಾಣಿಸಿಕೊಂಡಿದೆ. ಸತ್ತ ಮಂಗನ ಮೈ ಬಿಟ್ಟಿಳಿದ ಉಣುಗು ಮುಂದಿನ ಮೈ ಹುಡುಕುತ್ತದೆ.

ಇಷ್ಟೆಲ್ಲದರ ನಡುವೆ ಚುನಾವಣೆ ಬಂದರೆ ಕೋವಿ ಠಾಣೆಗೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿಸಂಹಿತೆ ಜಾರಿಯಾಯಿತು. ಉಡುಪಿ–ಚಿಕ್ಕಮಗಳೂರು ಕ್ಷೇತ್ರದಲ್ಲಿ ಮತದಾನ ಮುಗಿದದ್ದು ಏಪ್ರಿಲ್ 26ಕ್ಕೆ, ಮತ ಎಣಿಕೆ ಜೂನ್ 4ಕ್ಕೆ. ಹಲಸು ಹಣ್ಣಾಗಿ ಆನೆ ಇಳಿಯುವ ತಿಂಗಳುಗಳು ಅವು. ಚುನಾವಣಾ ಆಯೋಗದ ಸೂಚನೆ ಕೇಳುವುದು ಪರವಾನಗಿಗಳ ಪರಿಶೀಲನೆಯನ್ನು: ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಬಿದ್ದವರು ಯಾರೆಂದು ನೋಡಿ ಅಂಥವರಿಂದ ಮೊದಲು ತೆಗೆದುಕೊಳ್ಳಿ ಎಂದು. ಅರವತ್ತು ವರ್ಷ ಗದ್ದೆಯನ್ನಲ್ಲದೆ ಬೇರೇನನ್ನೂ ಕಾಯದ ಮುದುಕನನ್ನು ಆ ಸಾಲಿಗೆ ಸೇರಿಸುವುದು ಅನ್ಯಾಯ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದಲೇ 2029ರವರೆಗೆ ವಿನಾಯಿತಿ ಇದೆ. ಅಷ್ಟನ್ನು ನಮ್ಮವರು ಕೇಳುತ್ತಿಲ್ಲ. ಬೆಳೆಯ ಕಾಲದಲ್ಲಿ ಅರ್ಜಿ ಕೊಟ್ಟವನ ಅರ್ಜಿಯನ್ನು ಓದಿ ನೋಡಿ ಎಂದಷ್ಟೇ ಕೇಳುತ್ತಿದ್ದಾರೆ.

ಕೇರಳ 2022ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಬೆಳೆಗೆ ಇಳಿದ ಕಾಡುಹಂದಿಯನ್ನು ಹೊಡೆಸುವ ಅಧಿಕಾರವನ್ನು ಪಂಚಾಯಿತಿಯ ಅಧ್ಯಕ್ಷರಿಗೆ ಕೊಟ್ಟು, ಪರವಾನಗಿ ಇರುವ ಗುರಿಕಾರರನ್ನು ಕರೆಸುವ ವ್ಯವಸ್ಥೆ ಮಾಡಿತು. ನಮ್ಮಲ್ಲೂ ಬೇಕೆಂಬ ಒತ್ತಾಯವಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಊರಿಗೆ ಒಬ್ಬಿಬ್ಬರು ತರಬೇತಾದವರು, ಗೊತ್ತಾದ ರಾತ್ರಿ, ಗೊತ್ತಾದ ಜಾಗ, ಊರಿಗೆಲ್ಲ ಮುಂಚೆ ತಿಳಿಸಿ ಮಾಡುವ ಕೆಲಸವಾದರೆ ಅದು ಕತ್ತಲಲ್ಲಿ ಕದ್ದು ಹೊಡೆಯುವುದಕ್ಕಿಂತ ಎಷ್ಟೋ ಮೇಲು. ಕದ್ದು ಹೋದವನು ನೆರೆಯವನಿಗೆ ಕೂ ಹಾಕಲಾರ.

ಆದರೆ ಯಾರು ಕಾಯುತ್ತಾರೆ? 2016ರ ಶಸ್ತ್ರಾಸ್ತ್ರ ನಿಯಮದಂತೆ 70 ತುಂಬಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು ಅದನ್ನು ವಾರಸುದಾರರ ಹೆಸರಿಗೆ ಮಾಡಿಸಬಹುದು. ಚಿಕ್ಕಪ್ಪಯ್ಯನಿಗೆ ಎರಡೂ ಆಗಿದೆ. ಮಗ ಬೆಂಗಳೂರಿನಲ್ಲಿ. "ಅವ್ನು ಕೋವಿ ಇಟ್ಕೊಂಡು ಅಪಾರ್ಟ್‌ಮೆಂಟಲ್ಲಿ ಎಂತ ಮಾಡ್ತಾನೆ?" ಎಂದು ಕೇಳಿ ಸುಮ್ಮನಾದರು. ಆ ರಾತ್ರಿ ಮತ್ತೆ ಆ ಮಾತು ಎತ್ತಲಿಲ್ಲ.

ನಾಲ್ಕೂವರೆಗೆ ಆಚೆ ದಿಂಬದಿಂದ ಕೂ ಕೇಳಿಸಿತು. ಇವರೂ ಹಾಕಿದರು. ಕೋವಿ ಮಡಚಿ ಎರಡು ತೋಟೆ ಹೊರಗೆ ತೆಗೆದು, ಪಂಚೆಯ ತುದಿಯಿಂದ ಇಬ್ಬನಿ ಒರೆಸಿ, ಡಬ್ಬಿಗೆ ಹಾಕಿದರು. ಎಂಟು ಇದ್ದವು. ಹೋದ ವರ್ಷವೂ ಎಂಟೇ ಇದ್ದವಂತೆ.

ಬೆಳಕು ಹರಿದ ಮೇಲೆ ಹೋಗಿ ನೋಡಿದೆವು. ಮೂಲೆಯ ಗದ್ದೆ ಪೂರಾ ಮಲಗಿತ್ತು. ಅರಣ್ಯ ಇಲಾಖೆಯ ಪರಿಹಾರದ ಅರ್ಜಿಗೆಂದು ಫೋಟೊ ತೆಗೆದೆ. ಚಿಕ್ಕಪ್ಪಯ್ಯ ಬಗ್ಗಿ, ಕೆಸರಲ್ಲಿ ಬಿದ್ದ ತೆನೆಗಳನ್ನು ಒಂದೊಂದಾಗಿ ಎತ್ತಿ ಬದುವಿನ ಮೇಲೆ ಒಣಗಲು ಹಾಕತೊಡಗಿದರು. ದೂರದಿಂದ, ಆ ಮಂಜಿನಲ್ಲಿ, ಬಗ್ಗಿದ ಅವರ ಬೆನ್ನು ಒಂದು ಕಪ್ಪು ಗುಪ್ಪೆಯಂತೆ ಕಾಣುತ್ತಿತ್ತು.